ಪೈಲಟ್ ಆಗೋದಾ, ಸ್ವಂತ ವ್ಯಾಪಾರಕ್ಕೆ ಇಳಿಯೋದಾ? ಸೈಟು ಅಡ ಇಡುವ ಮುಂಚೆ ನೋಡಬೇಕಾದ ಲೆಕ್ಕ

ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಆ ವರ್ಷ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಮಕ್ಕಳು ಈಗ ಪಿಯುಸಿ ಮೆಟ್ಟಿಲಲ್ಲಿದ್ದಾರೆ. ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ, ನಂದಿ ಬೆಟ್ಟಕ್ಕೆ ಬೈಕ್‌ನಲ್ಲಿ ಹೋಗುವಾಗ, ವಿಮಾನ ನೋಡುತ್ತಲೇ ಬೆಳೆದವರು ಇವರು. ಹಾಗಾಗಿ "ಪೈಲಟ್ ಆಗ್ತೀನಿ" ಅನ್ನುವ ಮಾತು ನಮ್ಮ ಕಡೆ ಈಗ ಜಾಸ್ತಿ ಕೇಳಿಸುತ್ತದೆ. ಅದರ ಜೊತೆಗೇ ಇನ್ನೊಂದು ಮಾತೂ ಉಂಟು: "ಯಾರ ಕೈಕೆಳಗೂ ಕೆಲಸ ಮಾಡಲ್ಲ, ಸ್ವಂತದ್ದು ಏನಾದ್ರೂ ನೋಡ್ತೀನಿ."

ನಾನು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಹತ್ತಿರ ಅಂಗಡಿ, ಹೋಟೆಲು, ರೇಷ್ಮೆ ರೀಲಿಂಗ್ (ಗೂಡಿನಿಂದ ನೂಲು ತೆಗೆಯುವ) ಘಟಕಗಳ ಲೆಕ್ಕ ಬರೆಯುವವನು. ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುತ್ತೇನೆ. ಎರಡೂ ಬಗೆಯ ಫೈಲು ನನ್ನ ಮೇಜಿಗೆ ಬರುತ್ತವೆ. ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪಂದಿರು ಕೂತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಸಾರ್, ಯಾವುದರಲ್ಲಿ ದುಡ್ಡು ಜಾಸ್ತಿ?"

ಆ ಪ್ರಶ್ನೆಗೆ ಉತ್ತರ ಸುಲಭ. ಕ್ಯಾಪ್ಟನ್ ಆದವರ ಸಂಬಳದ ಮುಂದೆ ನಮ್ಮ ಊರಿನ ಒಳ್ಳೆಯ ಹೋಟೆಲಿನ ಲಾಭವೂ ನಿಲ್ಲುವುದಿಲ್ಲ. ಆದರೆ ಮೊದಲು ಕೇಳಬೇಕಾದ್ದು ಬೇರೆ. ಅರ್ಧ ದಾರಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ ಕೈಯಲ್ಲಿ ಏನು ಉಳಿಯುತ್ತದೆ? ಈ ಒಂದು ಪ್ರಶ್ನೆ ಹಿಡಿದುಕೊಂಡೇ ಎರಡನ್ನೂ ನೋಡುತ್ತಾ ಹೋಗೋಣ.

ದುಡ್ಡು ಒಳಗೆ ಹೋಗುವ ದಾರಿ

ಪೈಲಟ್ ಆಗಲು ಬೇಕಾದ್ದು ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಎಲ್ಲರೂ ಹೇಳುವ ಹಾಗೆ ಸಿಪಿಎಲ್. ಕೊಡುವವರು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ. 18 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು ಅನ್ನುವುದು ಇಷ್ಟು ದಿನ ನಡೆದುಬಂದ ನಿಯಮ. ಕಾಮರ್ಸ್ ಓದಿದವರು ಆ ಎರಡು ವಿಷಯವನ್ನು ಎನ್‌ಐಒಎಸ್ (ಕೇಂದ್ರದ ಮುಕ್ತ ಶಾಲೆ) ಮೂಲಕ ಬೇರೆಯಾಗಿ ಬರೆದು ಪಾಸಾಗುತ್ತಾರೆ. ಆಮೇಲೆ ಲಿಖಿತ ಪರೀಕ್ಷೆಗಳು: ದಿಕ್ಕು-ದಾರಿ ಲೆಕ್ಕ ಹಾಕುವ ನ್ಯಾವಿಗೇಶನ್, ಹವಾಮಾನ, ಕಾನೂನು, ವಿಮಾನದ ತಾಂತ್ರಿಕ ವಿಷಯ. ಪಾಸಾಗಲು ನೂರಕ್ಕೆ 70 ಬೇಕು. ರೇಡಿಯೊದಲ್ಲಿ ಮಾತಾಡುವ ಲೈಸೆನ್ಸು ಬೇರೆ. ಇದೆಲ್ಲದರ ಜೊತೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಜವಾಬ್ದಾರಿ ನಿಮ್ಮದೇ ಆಗಿರಬೇಕು.

ಇಷ್ಟಕ್ಕೆ ಭಾರತದಲ್ಲಿ ಈಗ ಸುಮಾರು 40ರಿಂದ 60 ಲಕ್ಷ ಬೀಳುತ್ತದೆ. ಅಷ್ಟಾದರೂ ಏರ್‌ಲೈನ್ ಕೆಲಸಕ್ಕೆ ಸಾಲದು. ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸಲು ಆ ವಿಮಾನಕ್ಕೆಂದೇ ಟೈಪ್ ರೇಟಿಂಗ್ ಮಾಡಬೇಕು. ಅದಕ್ಕೆ ಇನ್ನೂ 15-20 ಲಕ್ಷದ ಆಸುಪಾಸು. ಏರ್‌ಲೈನ್‌ಗಳೇ ಸೇರಿಸಿಕೊಂಡು ತರಬೇತಿ ಕೊಡಿಸುವ ಕೆಡೆಟ್ ಯೋಜನೆಗಳಲ್ಲಿ ಒಟ್ಟು ಖರ್ಚು ಕೋಟಿ ಮುಟ್ಟುತ್ತದೆ, ದಾಟುವುದೂ ಉಂಟು.

ನಮ್ಮ ಕಡೆಯ ಬೋರ್‌ವೆಲ್ ಲೆಕ್ಕ ಇದು. ಸಾವಿರ ಅಡಿಯಲ್ಲಿ ನೀರಿದ್ದು, ದುಡ್ಡು ಮುಗಿಯಿತು ಅಂತ ಒಂಬೈನೂರು ಅಡಿಗೆ ಲಾರಿ ವಾಪಸ್ ಕಳಿಸಿದರೆ ಸಿಗುವುದು ದೂಳು ಮಾತ್ರ. 140 ಗಂಟೆ ಹಾರಿಸಿ ನಿಲ್ಲಿಸಿದವರ ಹತ್ತಿರ ಲಾಗ್‌ಬುಕ್ ಇರುತ್ತದೆ, ಲೈಸೆನ್ಸ್ ಇರುವುದಿಲ್ಲ. ಅದನ್ನು ತೋರಿಸಿದರೆ ಯಾರೂ ಕೆಲಸ ಕೊಡುವುದಿಲ್ಲ.

ವ್ಯಾಪಾರದಲ್ಲಿ ಹಾಗಿಲ್ಲ. ದುಡ್ಡನ್ನು ಕಂತು ಕಂತಾಗಿ ಇಳಿಸಬಹುದು. ಮುದ್ರಾ ಸಾಲವೇ ಹಾಗೆ ಮೆಟ್ಟಿಲು ಮೆಟ್ಟಿಲಾಗಿದೆ: ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 2024ರ ಬಜೆಟ್ ಆದ ಮೇಲೆ 20 ಲಕ್ಷದವರೆಗೂ ದಾರಿ ಇದೆ. ಮುದ್ರಾಗೆ ಅಡಮಾನ ಕೇಳುವ ಹಾಗಿಲ್ಲ. ಬ್ಯಾಂಕಿನಲ್ಲಿ "ಇರಲಿ, ಏನಾದ್ರೂ ಸೆಕ್ಯೂರಿಟಿ ಇದ್ರೆ ತನ್ನಿ" ಅಂದರೆ ವಿನಯದಿಂದಲೇ ನಿಯಮ ನೆನಪಿಸಿ. ಪಿಎಂಇಜಿಪಿ ಅನ್ನುವ ಕೇಂದ್ರದ ಸಬ್ಸಿಡಿ ಸಾಲದ ಯೋಜನೆಯಲ್ಲಿ ಉತ್ಪಾದನಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಹಳ್ಳಿಯಲ್ಲಿ ಘಟಕ ಹಾಕಿದರೆ ಸಾಮಾನ್ಯ ವರ್ಗದವರಿಗೆ ಶೇಕಡ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಂಥ ವಿಶೇಷ ವರ್ಗಕ್ಕೆ ಶೇಕಡ 35 ಸಬ್ಸಿಡಿ. ಸಬ್ಸಿಡಿಗೋಸ್ಕರ ಮಾತ್ರ ವ್ಯಾಪಾರ ಶುರುಮಾಡಿದ ಫೈಲುಗಳನ್ನೂ ನೋಡಿದ್ದೇನೆ. ಅವು ಮುಚ್ಚುವುದಕ್ಕೆ ಜಾಸ್ತಿ ದಿನ ಬೇಕಾಗುವುದಿಲ್ಲ.

ಹೋಟೆಲು ಮುಚ್ಚಿದರೂ ಗ್ರೈಂಡರ್, ಫ್ರಿಡ್ಜ್, ಪಾತ್ರೆ ಮಾರಬಹುದು. ಕಟ್ಟಡದ ಅಡ್ವಾನ್ಸ್ ವಾಪಸ್ ಬರುತ್ತದೆ. ಹಾಕಿದ್ದರಲ್ಲಿ ಮೂರನೇ ಒಂದು ಪಾಲು ಬಂದರೂ ಅದು ಬಂದ ದುಡ್ಡೇ.

ಅಡಮಾನದ ವಿಷಯ ಬಿಡಿಸಿ ಹೇಳಲೇಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಜಿಲ್ಲೆಯ ಜಾಸ್ತಿ ಮನೆಗಳು ಎಡವುವುದು ಇಲ್ಲೇ.

ಶಿಕ್ಷಣ ಸಾಲ 7.5 ಲಕ್ಷ ದಾಟಿತು ಅಂದರೆ ಸಾಮಾನ್ಯವಾಗಿ ಬ್ಯಾಂಕು ಆಸ್ತಿ ಕೇಳುತ್ತದೆ. "ಜಮೀನಿದೆಯಲ್ಲ ಸಾರ್, ನಾಲ್ಕು ಎಕರೆ" ಅನ್ನುತ್ತಾರೆ. ಆದರೆ ಸಾಲ ಕಟ್ಟದವರ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಕ್ಕೆ ಪಡೆಯಲು ಬ್ಯಾಂಕಿಗೆ ಇರುವ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ಜಪ್ತಿ ಮಾಡುವ ಹಾಗಿಲ್ಲ. ಹಾಗಾಗಿ ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ಅದನ್ನು ಅಡಮಾನವಾಗಿ ತೆಗೆದುಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಬೇಕಾಗುವುದು ಖಾತೆ ಸರಿಯಾಗಿರುವ ಮನೆ, ಇಲ್ಲವೇ ಪರಿವರ್ತನೆ ಆದ ಸೈಟು. ಅಂದರೆ ಕೊನೆಗೆ ಬ್ಯಾಂಕಿನ ಕೈಗೆ ಹೋಗುವುದು ಇರುವ ಒಂದೇ ಮನೆ, ಅಥವಾ ತಂಗಿಯ ಮದುವೆಗೆಂದು ಇಟ್ಟ ಸೈಟು.

ಕಂತು ಎಷ್ಟಾಗುತ್ತದೆ ನೋಡಿ. 60 ಲಕ್ಷ ಸಾಲ, ಶೇಕಡ 11 ಬಡ್ಡಿ, ಹತ್ತು ವರ್ಷ ಅಂತ ಹಿಡಿದರೆ ತಿಂಗಳಿಗೆ ಸುಮಾರು 82-83 ಸಾವಿರ. ಕೋರ್ಸು ನಡೆಯುವಾಗ ಕಂತು ಕಟ್ಟಬೇಕಿಲ್ಲ, ನಿಜ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಪೂರ್ತಿ ಹಣ ಬಿಡುಗಡೆಯಾಗಿದ್ದರೆ ತಿಂಗಳಿಗೆ 55 ಸಾವಿರ ಬಡ್ಡಿಯೇ ಬೆಳೆಯುತ್ತಿರುತ್ತದೆ. ಫ್ಲೈಯಿಂಗ್ ಶಾಲೆಯಲ್ಲಿ ಮಳೆ, ಮಂಜು, ವಿಮಾನ ಕೆಟ್ಟಿದೆ, ಇನ್‌ಸ್ಟ್ರಕ್ಟರ್ ಇಲ್ಲ ಅಂತ ಆರು ತಿಂಗಳು ತಡವಾದರೆ ಮೂರು ಲಕ್ಷದ ಮೇಲೆ ಸಾಲಕ್ಕೆ ಸೇರಿತು. ಅದಕ್ಕೇ ಶಾಲೆ ನೋಡುವಾಗ ಫೀಸಿಗಿಂತ ಮೊದಲು ಕೇಳಬೇಕಾದ್ದು, ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಈಗಿರುವ ವಿದ್ಯಾರ್ಥಿಗಳು ಎಷ್ಟು, ಹೋದ ಬ್ಯಾಚಿನವರು 200 ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡರು ಅಂತ. ಬ್ರೋಷರ್‌ನವರನ್ನು ಕೇಳಬೇಡಿ. ಗೇಟಿನ ಹೊರಗೆ ಟೀ ಕುಡಿಯುತ್ತಿರುವ ಹುಡುಗರನ್ನು ಕೇಳಿ. 2025ರಲ್ಲಿ ಡಿಜಿಸಿಎ ಈ ಶಾಲೆಗಳಿಗೆ ಶ್ರೇಣಿ ಕೊಡಲು ಶುರುಮಾಡಿತು. ಮೊದಲ ಪಟ್ಟಿಯಲ್ಲಿ ಮೇಲಿನ ದರ್ಜೆಗೆ ಒಂದು ಶಾಲೆಯೂ ಏರಲಿಲ್ಲ ಅನ್ನುವುದು ನೆನಪಿರಲಿ.

ವ್ಯಾಪಾರದ ಸಾಲಕ್ಕೂ ಇದೇ ಲೆಕ್ಕ ಹಾಕಿದರೆ, 10 ಲಕ್ಷಕ್ಕೆ ಅದೇ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳಿಗೆ ಸುಮಾರು 21,700. ಆದರೆ ಇದು ಎರಡು ವರ್ಷ ಕಾಯುವುದಿಲ್ಲ, ಕೆಲವೇ ತಿಂಗಳಲ್ಲಿ ಶುರು. ಅಂಗಡಿಗೆ ಗಿರಾಕಿ ಬಂದರೂ ಕಟ್ಟಬೇಕು, ಬಾರದಿದ್ದರೂ ಕಟ್ಟಬೇಕು.

ಒಳಗಿಂದ ನೋಡಿದರೆ ವ್ಯಾಪಾರ ಹೇಗಿರುತ್ತದೆ

"ಸ್ವಂತದ್ದು" ಅನ್ನುವವರಿಗೆ ನಾನು ಶಿಡ್ಲಘಟ್ಟದ ರೀಲರ್‌ಗಳ ಉದಾಹರಣೆ ಕೊಡುತ್ತೇನೆ. ಗೂಡು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹರಾಜು. ಒಂದು ಕಿಲೋ ನೂಲು ತೆಗೆಯಲು ಗೂಡಿನ ಗುಣ ನೋಡಿಕೊಂಡು ಆರರಿಂದ ಎಂಟು ಕಿಲೋ ಗೂಡು ಬೇಕು. ಲೆಕ್ಕಕ್ಕೆಂದು ಕಿಲೋಗೆ 600 ರೂಪಾಯಿಯಂತೆ 100 ಕಿಲೋ ಗೂಡು ಕೊಂಡಿರಿ ಅನ್ನಿ. 60 ಸಾವಿರ ಆ ದಿನವೇ ಕೈಬಿಟ್ಟು ಹೋಗುತ್ತದೆ. ಏಳು ಕಿಲೋಗೆ ಒಂದರ ಲೆಕ್ಕದಲ್ಲಿ 14 ಕಿಲೋ ಚಿಲ್ಲರೆ ನೂಲು ಬರುತ್ತದೆ. ನೂಲಿಗೆ ಕಿಲೋಗೆ 4,800 ಸಿಕ್ಕಿದರೆ 68 ಸಾವಿರದ ಆಚೀಚೆ. ಮಧ್ಯೆ ಉಳಿದ 8 ಸಾವಿರದಲ್ಲಿ ಕೂಲಿ, ಸೌದೆ, ಕರೆಂಟು, ನೀರು, ಸಾಲದ ಕಂತು ಎಲ್ಲ ಹೋಗಬೇಕು. ಉಳಿಕೆ ರೇಷ್ಮೆ ಚೂರು, ಗೂಡಿನೊಳಗಿನ ಹುಳ ಮಾರಿದ್ದು ಮೇಲೊಂದಿಷ್ಟು. ನೂಲಿನ ಬೆಲೆ ಕಿಲೋಗೆ 300 ರೂಪಾಯಿ ಇಳಿಯಿತು ಅಂದರೆ ಆ 8 ಸಾವಿರದಲ್ಲಿ ಅರ್ಧಕ್ಕರ್ಧ ಹೋಯಿತು. ಗೂಡಿಗೆ ಕೊಟ್ಟ ದುಡ್ಡು ನೂಲು ಮಾರಿ ವಾಪಸ್ ಬರುವ ತನಕ ನಾಳೆಯ ಗೂಡಿಗೆ ಇನ್ನೊಂದು 60 ಸಾವಿರ ಬೇಕು. ಲಾಭ ಇದ್ದೂ ಘಟಕ ನಿಲ್ಲುವುದು ಇಲ್ಲೇ. ಲಾಭ ಪುಸ್ತಕದಲ್ಲಿರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ.

ಹೂವಿನ ವ್ಯಾಪಾರವೂ ಹಾಗೇ. ಆಷಾಢದಲ್ಲಿ ಗುಲಾಬಿ ಕೇಳುವವರಿಲ್ಲ, ವರಮಹಾಲಕ್ಷ್ಮಿ ಹಬ್ಬಕ್ಕೆ ಅದೇ ಹೂವಿಗೆ ಜಗಳ. ವರ್ಷದ ದುಡಿಮೆ ಕೆಲವೇ ವಾರಗಳಲ್ಲಿ ಆಗಬೇಕು.

ಕಾಗದದ ಕೆಲಸ ಜನ ಹೆದರುವಷ್ಟೇನೂ ಇಲ್ಲ. ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೇಳುವವರಿದ್ದರೆ ಎದ್ದು ಬನ್ನಿ. ನಗರಸಭೆಯ ಟ್ರೇಡ್ ಲೈಸೆನ್ಸ್, ತಿಂಡಿ ತಿನಿಸಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ. ಈ ಮಿತಿ ಲಾಭಕ್ಕಲ್ಲ, ಒಟ್ಟು ವಹಿವಾಟಿಗೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗ ಜನಕ್ಕೆ ಇದು ಅರ್ಥವಾಯಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡು ಬಿದ್ದವು. ಹಾಲು, ಹಣ್ಣು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನೇ ಮಾರಿದವರೂ ಬಿಲ್ಲು ಇಟ್ಟಿರದೆ ಓಡಾಡಿದರು. ಸ್ವಂತ ವ್ಯಾಪಾರ ಅಂದರೆ ಬಿಲ್ಲು ಬರೆಯುವುದೂ ಕೆಲಸವೇ ಅನ್ನುವುದನ್ನು ಮೊದಲ ದಿನವೇ ಒಪ್ಪಿಕೊಂಡರೆ ಒಳ್ಳೆಯದು. ಹೀಗೆ ಹೇಳಿದರೆ ನನಗೇ ಗಿರಾಕಿ ಕಡಿಮೆಯಾಗುತ್ತಾರೆ, ಇರಲಿ.

ಇನ್ನು ಉದ್ರಿ. ನೆಂಟರು, ಪಕ್ಕದ ಬೀದಿಯವರು, ಅಪ್ಪನ ಸ್ನೇಹಿತರು. "ಬರ್ಕೊಳಪ್ಪ, ಒಂದನೇ ತಾರೀಕು ಕೊಡ್ತೀನಿ." ಬ್ಯಾಂಕಿನ ಬಡ್ಡಿಗಿಂತ ಈ ಪುಸ್ತಕ ಮುಳುಗಿಸಿದ ಅಂಗಡಿಗಳೇ ಜಾಸ್ತಿ ಅನ್ನುವುದು ನನ್ನ ಅಂದಾಜು. ದೊಡ್ಡ ಕಂಪನಿಗೆ ಮಾಲು ತಯಾರಿಸಿ ಕೊಡುವವರಾದರೆ ಒಂದು ಅನುಕೂಲ ಇದೆ. ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅನ್ನುವುದು ಕಾನೂನು. ಒಪ್ಪಂದ ಬರವಣಿಗೆಯಲ್ಲಿ ಇಲ್ಲದಿದ್ದರೆ 15 ದಿನವೇ. ತಡಮಾಡಿದರೆ ಆ ಕಂಪನಿಗೇ ಆದಾಯ ತೆರಿಗೆಯಲ್ಲಿ ತೊಂದರೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ.

ಲೈಸೆನ್ಸ್ ಕೈಗೆ ಬಂದ ಮೇಲೆ

ಈಗ ಪೈಲಟ್ ಕಡೆ ಬರೋಣ. ಲೈಸೆನ್ಸ್ ಬಂತು ಅಂದ ಕೂಡಲೇ ಕೆಲಸ ಬರುವುದಿಲ್ಲ. 2023ರಲ್ಲಿ ಡಿಜಿಸಿಎ ಕೊಟ್ಟ ಸಿಪಿಎಲ್‌ಗಳು 1,600 ದಾಟಿದವು. ಅದೇ ವರ್ಷ ಇಂಡಿಗೋ 500, ಏರ್ ಇಂಡಿಯಾ 470 ವಿಮಾನಕ್ಕೆ ಆರ್ಡರ್ ಕೊಟ್ಟವು. ಕೋಚಿಂಗ್‌ನವರ ಜಾಹೀರಾತಿನಲ್ಲಿ ಎರಡನೇ ಅಂಕಿ ಇರುತ್ತದೆ, ಮೊದಲನೆಯದು ಇರುವುದಿಲ್ಲ. ಆರ್ಡರ್ ಕೊಟ್ಟ ವಿಮಾನ ಬರಲು ವರ್ಷಗಟ್ಟಲೆ ಬೇಕು. ಲೈಸೆನ್ಸ್ ಆದವರು ಕಾಯುವುದು ಆ ಮಧ್ಯದ ಹೊತ್ತಿನಲ್ಲಿ. ಕಾಯುವಾಗಲೂ ಖರ್ಚಿದೆ. ಹಾರಾಟದ ಅಭ್ಯಾಸ ತಪ್ಪಿದರೆ ರೇಟಿಂಗ್ ನವೀಕರಿಸಬೇಕು, ಮೆಡಿಕಲ್ (ಆರೋಗ್ಯ ತಪಾಸಣೆ) ಮತ್ತೆ ಮಾಡಿಸಬೇಕು.

ಕೆಲಸ ಸಿಕ್ಕಿತು ಅನ್ನಿ. ದೊಡ್ಡ ಏರ್‌ಲೈನ್‌ನಲ್ಲಿ ಹೊಸ ಕೋ-ಪೈಲಟ್‌ಗೆ ತಿಂಗಳಿಗೆ ಲಕ್ಷ ದಾಟಿ ಎರಡು ಲಕ್ಷದ ಆಚೀಚೆ. 1,500 ಗಂಟೆ ಆಗಿ, ಇನ್ನೊಂದು ದೊಡ್ಡ ಲೈಸೆನ್ಸ್ ಪಡೆದು, ಕೆಲವು ವರ್ಷಗಳಲ್ಲಿ ಕ್ಯಾಪ್ಟನ್ ಆದರೆ ಐದು ಲಕ್ಷ ದಾಟುತ್ತದೆ. 65ರ ತನಕ ಹಾರಿಸಬಹುದು. ಆ 82 ಸಾವಿರದ ಕಂತು ಆಗ ದೊಡ್ಡದಾಗಿ ಕಾಣುವುದಿಲ್ಲ. ನಮ್ಮ ಊರಿನವರಿಗೆ ಇನ್ನೊಂದು ಲಾಭವೂ ಉಂಟು. ಬೆಂಗಳೂರಿಗೆ ಪೋಸ್ಟಿಂಗ್ ಸಿಕ್ಕಿದರೆ ವೈಟ್‌ಫೀಲ್ಡ್‌ನವರಿಗಿಂತ ಮುಂಚೆ ಟರ್ಮಿನಲ್ ಮುಟ್ಟುತ್ತಾರೆ. ಆದರೆ ಶುರುವಿನಲ್ಲಿ ದೆಹಲಿಯೋ ಕೋಲ್ಕತ್ತಾವೋ ಯಾವುದು ಕೊಟ್ಟರೂ ಹೋಗಬೇಕು.

ಒಂದು ಮಾತು ಪಕ್ಕಾ. "ಯಾರ ಕೈಕೆಳಗೂ ಇರಲ್ಲ" ಅನ್ನುವ ಸ್ವಭಾವದವರಿಗೆ ಈ ಕೆಲಸ ಹಿಡಿಸುವುದಿಲ್ಲ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ. ಎಂಜಿನ್ ಕೆಟ್ಟ ಹಾಗೆ ಮಾಡಿ ಕೈ ನೋಡುತ್ತಾರೆ. ಡ್ಯೂಟಿಗೆ ಮುಂಚೆ ಉಸಿರು ಪರೀಕ್ಷೆ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಮೂರು ತಿಂಗಳು ಲೈಸೆನ್ಸ್ ಅಮಾನತು. ಮದ್ಯದ ಅಂಶ ಇರುವ ಮೌತ್‌ವಾಶ್ ಕೂಡ ಬಳಸುವ ಹಾಗಿಲ್ಲ. ಕೆಲಸ ಬಿಡಬೇಕಾದರೆ ಡಿಜಿಸಿಎಯ 2017ರ ನಿಯಮದಂತೆ ಕೋ-ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮುಂಚೆ ನೋಟಿಸ್ ಕೊಡಬೇಕು. ಹಬ್ಬಕ್ಕೆ ರಜ ಸಿಗುತ್ತದೋ ಇಲ್ಲವೋ ರೋಸ್ಟರ್ (ಡ್ಯೂಟಿ ಪಟ್ಟಿ) ಹೇಳಬೇಕು. ವರ್ಷಕ್ಕೆ 1,000 ಗಂಟೆಗಿಂತ ಜಾಸ್ತಿ ಹಾರಿಸುವಂತಿಲ್ಲ ಅನ್ನುವ ಮಿತಿ ಇದೆ. ವಾರದ ವಿಶ್ರಾಂತಿಯನ್ನು ಹೊಸ ನಿಯಮದಲ್ಲಿ 36ರಿಂದ 48 ಗಂಟೆಗೆ ಏರಿಸಿದ್ದಾರೆ. ರಾತ್ರಿ ಮೂರು ಗಂಟೆಗೆ ಎದ್ದು ಹೋಗುವವರಿಗೆ ಅದು ದೊಡ್ಡ ಸಂಗತಿ.

ಕಂಪನಿ ಮುಳುಗುವ ಭಯವೂ ಇದ್ದದ್ದೇ. ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಆದರೆ ಇಲ್ಲಿ ಪೈಲಟ್‌ಗೆ ಒಂದು ಬಲ ಇದೆ, ವ್ಯಾಪಾರಿಗೆ ಅದಿಲ್ಲ. ಕಂಪನಿ ಮುಳುಗಿದರೂ ಲೈಸೆನ್ಸ್, ರೇಟಿಂಗ್, ಹಾರಿದ ಗಂಟೆ ಅವರ ಜೊತೆಯೇ ಇರುತ್ತವೆ. ಇನ್ನೊಂದು ಏರ್‌ಲೈನ್ ಅದಕ್ಕೆ ಬೆಲೆ ಕೊಡುತ್ತದೆ. ಗಂಗಮ್ಮನಗುಡಿ ರಸ್ತೆಯಲ್ಲಿ ಹತ್ತು ವರ್ಷ ಕಟ್ಟಿದ ಗಿರಾಕಿಯನ್ನು ಹೊಸಕೋಟೆಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ.

ಪೈಲಟ್‌ನ ನಿಜವಾದ ಭಯ ಮೆಡಿಕಲ್. ಸಿಪಿಎಲ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಪಾಸಾಗದಿದ್ದರೆ ಎಷ್ಟು ಅನುಭವ ಇದ್ದರೂ ನೆಲದ ಮೇಲೇ. ಬಿಪಿ, ಸಕ್ಕರೆ, ಬೆನ್ನುಮೂಳೆಯ ತೊಂದರೆ, ಯಾವುದು ಬೇಕಾದರೂ ತಡೆಯಬಹುದು. ಅದಕ್ಕೆಂದೇ ಲೈಸೆನ್ಸ್ ಹೋದರೆ ಹಣ ಕೊಡುವ ವಿಮೆ ಇದೆ. ಅಂಗಡಿ ಯಜಮಾನರಿಗೆ ಶುಗರ್ ಬಂದರೆ ಕಾಫಿಗೆ ಸಕ್ಕರೆ ಬಿಡುತ್ತಾರೆ, ಅಂಗಡಿ ಬಿಡುವುದಿಲ್ಲ.

ನನ್ನ ಅಭಿಪ್ರಾಯ, ಮನೆ ಮನೆಗೆ ಬೇರೆ

ಇರುವ ಒಂದೇ ಮನೆ ಅಡ ಇಟ್ಟು ಪೈಲಟ್ ಕೋರ್ಸಿಗೆ ಹಾಕಬೇಡಿ. ಇದನ್ನು ನೇರವಾಗಿಯೇ ಹೇಳುತ್ತೇನೆ. ಎರಡನೇ ಆಸ್ತಿ ಇದ್ದು, ಕೋರ್ಸು ಒಂದು ವರ್ಷ ತಡವಾಗಿ ಕೆಲಸ ಇನ್ನೊಂದು ವರ್ಷ ತಡವಾದರೂ ಮನೆ ನಡೆಯುತ್ತದೆ ಅನ್ನುವಂತಿದ್ದರೆ, ಮಗ ಅಥವಾ ಮಗಳಿಗೆ ಓದಿನಲ್ಲಿ ಪಟ್ಟು ಇದ್ದರೆ, ಧೈರ್ಯವಾಗಿ ಹೋಗಬಹುದು. ಮಗಳು ಅಂತ ಬೇಕೆಂದೇ ಹೇಳಿದೆ. ಭಾರತದ ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಸುಮಾರು ಶೇಕಡ 15. ಪ್ರಪಂಚದಲ್ಲೇ ಇದು ದೊಡ್ಡ ಪ್ರಮಾಣ. "ಹುಡುಗಿಗೆ ಯಾಕೆ" ಅನ್ನುವ ಅಜ್ಜಂದಿರಿಗೆ ಈ ಅಂಕಿ ಸಾಕು.

ವಯಸ್ಸಿನ ಲೆಕ್ಕವೂ ಇದೆ. 20ರಲ್ಲಿ ಹಾರಲು ಹೋಗಿ 40ರಲ್ಲಿ ವ್ಯಾಪಾರ ಶುರುಮಾಡಬಹುದು, ಕೈಯಲ್ಲಿ ಬಂಡವಾಳವೂ ಇರುತ್ತದೆ. 20ರಲ್ಲಿ ವ್ಯಾಪಾರಕ್ಕೆ ಇಳಿದು 40ರಲ್ಲಿ ಪೈಲಟ್ ಆಗುವುದು ನಿಯಮದಲ್ಲಿ ಸಾಧ್ಯ. ಆದರೆ ಆ ವಯಸ್ಸಿನ ಹೊಸಬರನ್ನು ಯಾವ ಏರ್‌ಲೈನ್ ಕರೆಯುತ್ತದೆ? ಹಾಗಾಗಿ ಎರಡೂ ಇಷ್ಟ, ದುಡ್ಡಿಗೂ ತೊಂದರೆ ಇಲ್ಲ ಅನ್ನುವವರಿಗೆ ಹಾರಾಟ ಮೊದಲು, ಅಂಗಡಿ ಆಮೇಲೆ.

ವಿಮಾನದ ಹುಚ್ಚಿರುವವರೆಲ್ಲ ಹಾರಿಸಲೇಬೇಕು ಅಂತಲೂ ಇಲ್ಲ. ನಮ್ಮ ಹಾಸನ ಜಿಲ್ಲೆ ಗೊರೂರಿನ ಜಿ.ಆರ್. ಗೋಪಿನಾಥ್ ಹೆಸರಿನ ಮುಂದಿರುವ ಕ್ಯಾಪ್ಟನ್ ಸೈನ್ಯದ ಪದವಿ, ಪೈಲಟ್‌ನದಲ್ಲ. ಸೈನ್ಯ ಬಿಟ್ಟು ಬಂದು ರೇಷ್ಮೆ ಬೆಳೆದರು, ಬೈಕ್ ಡೀಲರ್‌ಶಿಪ್ ನಡೆಸಿದರು, ಹೋಟೆಲ್ ಇಟ್ಟರು. ಆಮೇಲೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್. ಸಣ್ಣ ವ್ಯಾಪಾರದ ಮೆಟ್ಟಿಲು ಹತ್ತಿಯೇ ವಿಮಾನದ ತನಕ ಹೋದವರು. ಆ ಏರ್‌ಲೈನ್ ಕೊನೆಗೆ ಕಿಂಗ್‌ಫಿಶರ್ ಕೈಗೆ ಹೋಯಿತು ಅನ್ನುವುದೂ ಕಥೆಯ ಭಾಗವೇ.

ಕ್ಯಾಬಿನ್ ಕ್ರೂ ಬಗ್ಗೆ ಒಂದೇ ಮಾತು: ಆಯ್ಕೆಯಾದವರಿಗೆ ಏರ್‌ಲೈನ್‌ಗಳೇ ತರಬೇತಿ ಕೊಡುತ್ತವೆ. ಅದಕ್ಕಿಂತ ಮುಂಚೆ ಲಕ್ಷಗಟ್ಟಲೆ ಫೀಸು ಕೇಳುವ ಕೋರ್ಸಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಕಡಿಮೆ ಖರ್ಚಿನಲ್ಲಿ ಮೊದಲು ಪರೀಕ್ಷಿಸಿಕೊಳ್ಳಿ

ಪೈಲಟ್ ಆಗಬೇಕು ಅನ್ನುವವರು ಶಾಲೆಗೆ ಒಂದು ರೂಪಾಯಿ ಕಟ್ಟುವ ಮುಂಚೆ ಮೆಡಿಕಲ್ ಮಾಡಿಸಿ. ಮೊದಲು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಹತ್ತಿರ ಕ್ಲಾಸ್ 2, ಆಮೇಲೆ ಕ್ಲಾಸ್ 1. ಮೊದಲ ಕ್ಲಾಸ್ 1 ಮಾಡುವ ಕೆಲವೇ ಜಾಗಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇದೆ, ವಿಮಾನಪುರದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಕನ್ನಡಕ ಇದ್ದರೆ ಪೈಲಟ್ ಆಗಲ್ಲ ಅನ್ನುವುದು ಹಳೇ ಪುಕಾರು. ಕನ್ನಡಕ ಹಾಕಿ ದೃಷ್ಟಿ ಸರಿಹೋದರೆ ಸಾಕು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ಅಲ್ಲಿಗೇ ಮುಗಿಯಬಹುದು. ಅದು 40 ಲಕ್ಷ ಖರ್ಚಾದ ಮೇಲೆ ಗೊತ್ತಾಗುವುದಕ್ಕಿಂತ ಮುಂಚೆ ಗೊತ್ತಾಗುವುದು ಮೇಲು ಅಲ್ವಾ?

ಆಮೇಲೆ ಲಿಖಿತ ಪರೀಕ್ಷೆಗಳು. ನ್ಯಾವಿಗೇಶನ್, ಹವಾಮಾನ ಎರಡನ್ನು ಮನೆಯಲ್ಲಿ ಕೂತು ಓದಿ, ಇಲ್ಲವೇ ಕೋಚಿಂಗ್ ಹಿಡಿದು ಬರೆದು ನೋಡಿ. ಖರ್ಚು ಲಕ್ಷಗಳ ಲೆಕ್ಕದಲ್ಲಿ, ಹತ್ತಾರು ಲಕ್ಷದಲ್ಲಲ್ಲ. ಎರಡು ಸಲ ಬರೆದರೂ 70 ಮುಟ್ಟದಿದ್ದರೆ ಆಗಲೇ ನಿಂತು ಯೋಚಿಸಿ. ಪಾಸಾದರೆ ಸಾಲದ ಫೈಲಿಗೂ ಬಲ ಬರುತ್ತದೆ. ಜಕ್ಕೂರಿನಲ್ಲಿ ಸರ್ಕಾರದ್ದೇ ಫ್ಲೈಯಿಂಗ್ ಶಾಲೆ ಇದೆ. ಅಲ್ಲಿಗೂ ಒಮ್ಮೆ ಹೋಗಿ ವಿಚಾರಿಸಿ.

ವ್ಯಾಪಾರದವರಿಗೂ ಇದೇ ಮಾತು. ಆವಲಗುರ್ಕಿಯಲ್ಲಿ 2023ರಲ್ಲಿ ಆದಿಯೋಗಿ ಮೂರ್ತಿ ಆದ ಮೇಲೆ ವಾರದ ಕೊನೆಗೆ ಆ ದಾರಿಯಲ್ಲಿ ಬರುವ ಕಾರುಗಳನ್ನು ನೋಡಿ ಹೋಟೆಲ್ ಇಡಬೇಕು ಅನ್ನಿಸದವರು ಕಡಿಮೆ. ಭಾನುವಾರದ ಜನ ನೋಡಿ ಬಾಡಿಗೆ ಒಪ್ಪಬೇಡಿ, ಮಂಗಳವಾರ ಮಧ್ಯಾಹ್ನ ಅದೇ ಜಾಗದಲ್ಲಿ ನಿಂತು ಎಣಿಸಿ. ಕಟ್ಟಡ ಹಿಡಿಯುವ ಮುಂಚೆ ಒಂದು ಗಾಡಿಯಲ್ಲಿ ತಿಂಡಿ ಮಾರಿ ನೋಡಿ. ರೀಲಿಂಗ್ ಮಾಡಬೇಕು ಅನ್ನುವವರು ಯಾರದ್ದಾದರೂ ಘಟಕದಲ್ಲಿ ಒಂದು ಸೀಸನ್ ಸಂಬಳಕ್ಕೆ ಇದ್ದು ಬನ್ನಿ.

ಮಧ್ಯದ ದಾರಿಯೂ ಒಂದಿದೆ: ಡ್ರೋನ್

ಹಾರಿಸುವ ಆಸೆಯೂ ಇದೆ, ಸ್ವಂತದ್ದೂ ಬೇಕು, 60 ಲಕ್ಷ ಇಲ್ಲ ಅನ್ನುವವರು ಈಚೆಗೆ ಕೇಳುತ್ತಿರುವುದು ಔಷಧಿ ಹೊಡೆಯುವ ಡ್ರೋನ್ ಬಗ್ಗೆ. 2021ರ ಡ್ರೋನ್ ನಿಯಮದ ಪ್ರಕಾರ 18ರಿಂದ 65 ವಯಸ್ಸಿನ, ಎಸ್‌ಎಸ್‌ಎಲ್‌ಸಿ ಪಾಸಾದ ಯಾರು ಬೇಕಾದರೂ ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ಕೆಲವು ದಿನದ ತರಬೇತಿ ಪಡೆದು ರಿಮೋಟ್ ಪೈಲಟ್ ಸರ್ಟಿಫಿಕೇಟ್ ತೆಗೆದುಕೊಳ್ಳಬಹುದು. ಅದು ಹತ್ತು ವರ್ಷ ನಡೆಯುತ್ತದೆ. ಹತ್ತು ಲೀಟರ್ ಟ್ಯಾಂಕಿನ ಡ್ರೋನ್‌ಗೆ ಬ್ಯಾಟರಿ, ಚಾರ್ಜರ್ ಸೇರಿ ಕೆಲವು ಲಕ್ಷ ಆಗುತ್ತದೆ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಾದರೆ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಶೇಕಡ 80ರಷ್ಟು, 8 ಲಕ್ಷದ ತನಕ ನೆರವಿದೆ. ಎಕರೆಗಿಷ್ಟು ಅಂತ ಬಾಡಿಗೆ. ಅರ್ಧದಲ್ಲಿ ನಿಲ್ಲಿಸಿದರೂ ಡ್ರೋನ್ ಮಾರಬಹುದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎರಡು ತೊಡಕು. ಒಂದು, ವಿಮಾನ ನಿಲ್ದಾಣ. ಅದರ ಕಾಂಪೌಂಡಿನಿಂದ 12 ಕಿಲೋಮೀಟರ್ ಆಚೆ ಸಾಮಾನ್ಯವಾಗಿ 400 ಅಡಿ ತನಕ ಅನುಮತಿ ಬೇಡ. 8ರಿಂದ 12 ಕಿಲೋಮೀಟರ್ ಒಳಗೆ 200 ಅಡಿ ತನಕ ಮಾತ್ರ. ಔಷಧಿ ಹೊಡೆಯಲು ಅಷ್ಟು ಎತ್ತರವೇ ಬೇಡ, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ಇನ್ನೂ ಹತ್ತಿರ ಬಂದರೆ ಅನುಮತಿ ಇಲ್ಲದೆ ಎತ್ತುವ ಹಾಗೇ ಇಲ್ಲ. ದೇವನಹಳ್ಳಿ ಗಡಿಯ ಹಳ್ಳಿಯವರು, ಎಲ್ಲಿ ಡ್ರೋನ್ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಊರು ಯಾವ ಬಣ್ಣದಲ್ಲಿದೆ ನೋಡಿಯೇ ಮುಂದುವರಿಯಿರಿ.

ಎರಡನೆಯದು ಹಿಪ್ಪುನೇರಳೆ. ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಪಕ್ಕದ ಸೊಪ್ಪಿನ ಮೇಲೆ ಕೂತು, ಆ ಸೊಪ್ಪು ತಿಂದರೆ ರೇಷ್ಮೆ ಹುಳ ಸಾಯುತ್ತದೆ. ಒಂದು ಬೆಳೆ ಹೋದರೆ ಪಕ್ಕದ ರೈತರು ಬರುವುದು ಡ್ರೋನ್ ಓಡಿಸಿದವರ ಮನೆ ಬಾಗಿಲಿಗೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಈ ವ್ಯಾಪಾರ ಮಾಡುವವರು ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಮಾತ್ರ ಹೊಡೆಯಬೇಕು. ಹಿಂದಿನ ದಿನವೇ ಪಕ್ಕದ ಹೊಲದವರಿಗೆ ಹೇಳಿರಬೇಕು. ಹಿಪ್ಪುನೇರಳೆಗೆ ಅಂಟಿಕೊಂಡ ತೋಟವಾದರೆ ಬಾಡಿಗೆ ಎಷ್ಟು ಕೊಟ್ಟರೂ ಒಲ್ಲೆ ಅನ್ನಬೇಕು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ಎಷ್ಟು ಎಕರೆ ಸಿಗುತ್ತದೆ ಅಂತ ನಾನು ಕೇಳುವುದು ಅಂಥ ತೋಟಗಳನ್ನೆಲ್ಲ ಕಳೆದ ಮೇಲೆಯೇ.